ಧ್ವನಿಯಿಲ್ಲದ ಮದುವೆ

ಶಹಾಪುರದ ನಮ್ಮ ಮನೆಯಲ್ಲಿ ತಂಗಿಯ ಮದುವೆ ಬಹಳ ದಿನ ಸದ್ದಿಲ್ಲದೆ ನಡೆಯಿತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪರದೆ ಎಳೆದು, ಫ್ಯಾನಿನ ಕೆಳಗೆ ಚಾಪೆ ಹಾಸಿ ಟಿವಿ ಹಚ್ಚುತ್ತಿದ್ದೆವು. ಬಾಜಾದವರು ಗಲ್ಲ ಉಬ್ಬಿಸಿ ಊದುತ್ತಿದ್ದರು, ಕೇಳಿಸುತ್ತಿರಲಿಲ್ಲ. ಅಕ್ಕಿಕಾಳು ಹಗುರಾಗಿ ಬೀಳುತ್ತಿದ್ದವು. ತೀರಿಹೋದ ಅಪ್ಪ ತಲೆಗೆ ಹಳದಿ ಪಟಗ ಸುತ್ತಿಕೊಂಡು ಎಲ್ಲರಿಗೂ ಏನೋ ಹೇಳುತ್ತ ಓಡಾಡುತ್ತಿದ್ದ. ಕೆರೆಯ ನೀರಿನೊಳಗೆ ಒಂದು ಊರು ಇದ್ದರೆ ಹೀಗೇ ಇರುತ್ತದೆ ಅನ್ನಿಸುತ್ತಿತ್ತು. ನೋಡುತ್ತ ನೋಡುತ್ತ ನನಗೆ ಜೊಂಪು ಹತ್ತುತ್ತಿತ್ತು.

ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಮದುವೆಯ ವಿಡಿಯೊವನ್ನು ಅಂಗಡಿಯಲ್ಲಿ ಬಿದ್ದಿದ್ದ ಮುದಿ ಕಂಪ್ಯೂಟರಿಗೆ ತುಂಬಿ, ಅದನ್ನೇ ಮನೆಯ ಸರ್ವರ್ ಮಾಡಿ, ವೈಫೈ ಮೂಲಕ ಹೊಸ ಟಿವಿಗೆ ಕಳಿಸುವ ಹುರುಪು ನನ್ನದೇ. ಚಿತ್ರ ಬಂತು, ಧ್ವನಿ ಬರಲಿಲ್ಲ. ಈ ಮಾದರಿಯ ಧ್ವನಿ ತನಗೆ ನಡೆಯುವುದಿಲ್ಲ ಎಂದು ಟಿವಿ ಒಂದು ಸಾಲು ತೋರಿಸಿ ಸುಮ್ಮನಾಗುತ್ತಿತ್ತು. ಊರ ಮಂದಿಯ ಯಂತ್ರ ನೆಟ್ಟಗೆ ಮಾಡುವವನು ಮನೆಯ ಟಿವಿಗೆ ಸೋತನೆಂದು, ಸುರಪುರದಿಂದ ಬರುವ ತಂಗಿ ಪ್ರತಿ ವಾರ ಕಾಲೆಳೆಯುತ್ತಿದ್ದಳು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

ಕಾಲೆಳೆದರೂ ಅವಳಿಗೆ ಬೇಕಿದ್ದದ್ದು ಅಪ್ಪನ ಧ್ವನಿ. ಅದು ಹೇಗಿತ್ತೆಂಬುದೇ ಮರೆತುಹೋಗುತ್ತಿದೆ ಎಂದು ಒಮ್ಮೆ ಅತ್ತಿದ್ದಳು. ಈ ವಿಡಿಯೊ ಬಿಟ್ಟು ಬೇರೆಲ್ಲೂ ಅದು ಉಳಿದಿರಲಿಲ್ಲ. ಅಂಗಡಿಯಲ್ಲಿ ನಾನೊಬ್ಬನೇ ಕೇಳಬಹುದಿತ್ತು. ಬಾಜಾ ಸದ್ದು ಶುರುವಾದ ಕೂಡಲೇ ನಿಲ್ಲಿಸಿದ್ದೆ. ಕೇಳಿದರೆ ಅವಳ ಜೊತೆ ಮನೆಯಲ್ಲೇ ಕೇಳಬೇಕೆಂಬ ಹಟ.

ಅಲ್ಲಿಯವರೆಗೆ ಅವ್ವನೇ ನಮಗೆ ಧ್ವನಿ. ನಾನು ಶಾಲೆಗೆ ಹೋಗುವಾಗಲೇ ಜ್ವರ ಬಂದು ಅವಳ ಕಿವಿ ಹೋಗಿದ್ದವು. ತುಟಿ ನೋಡಿ ಮಾತು ಹಿಡಿಯುತ್ತಾಳೆ. ಬೆಳಕಿಗೆ ಬೆನ್ನು ಮಾಡಿ ಮಾತಾಡಿದವರಿಗೆ ನಮ್ಮ ಮನೆಯಲ್ಲಿ ಚಹಾ ಸಿಗುವುದಿಲ್ಲ. ದೊಡ್ಡಪ್ಪ ತುಪ್ಪ ಕೇಳುತ್ತಿದ್ದಾನೆ, ಬೀಗರು ಬಿಸಿಲನ್ನು ಬೈಯುತ್ತಿದ್ದಾರೆ ಎಂದು ಟಿವಿಯ ಮದುವೆಯನ್ನು ಅವಳು ಹೇಳುತ್ತ ಹೋಗುವಳು. ಊಟದ ಪಂಕ್ತಿಯಲ್ಲಿ ಕ್ಯಾಮೆರಾ ಅಪ್ಪನ ಹತ್ತಿರ ಬರುತ್ತದೆ. ಹೋಳಿಗೆ ಬಡಿಸುತ್ತಿದ್ದ ಅವ್ವನ ಕಡೆ ನೋಡಿ ಅವನು ಪಕ್ಕದ ದೊಡ್ಡಪ್ಪನಿಗೆ ಏನೋ ಅನ್ನುತ್ತಾನೆ. ಆ ಜಾಗ ಬಂದರೆ ಅವ್ವ ತುಸು ನಾಚುವಳು.

“ಇಕಿ ಇದ್ದಾಳಂತನೇ ಈ ಲಗ್ನ ಆಯ್ತು ಅಂತ ನಿಮ್ಮ ದೊಡ್ಡಪ್ಪಗ ಹೇಳಾಕತ್ತಾರ.”

ತಂಗಿ ಅದನ್ನು ಪ್ರತಿ ಸಲ ಹಿಂದಕ್ಕೆ ಓಡಿಸಿ ಮತ್ತೊಮ್ಮೆ ಹೇಳಿಸುವಳು.

ಕೊನೆಗೆ ದಾರಿ ಸಿಕ್ಕಿತು. ಕಳಿಸುವ ಹೊತ್ತಿನಲ್ಲೇ ಧ್ವನಿಯನ್ನು ಟಿವಿಗೆ ಒಗ್ಗುವ ಮಾದರಿಗೆ ಬದಲಿಸುವಂತೆ ಸರ್ವರನ್ನು ಸಜ್ಜು ಮಾಡಿದೆ. ಮುದಿ ಕಂಪ್ಯೂಟರಿಗೆ ಅಷ್ಟು ಕಸುವಿರಲಿಲ್ಲ. ಧ್ವನಿ ಬಂತು, ಚಿತ್ರಕ್ಕಿಂತ ನಾಲ್ಕೈದು ಸೆಕೆಂಡು ತಡವಾಗಿ. ಬಾಜಾದವರು ಊದುವುದು ನಿಲ್ಲಿಸಿದ ಮೇಲೂ ಬಾಜಾ ಮೊಳಗಿತು. ಅಪ್ಪನ ಗೊಗ್ಗರು ದನಿ ಕೇಳಿ ತಂಗಿ ನನ್ನ ಕೈ ಹಿಡಿದಳು. ಧ್ವನಿ ಬಂದಿದೆಯೆಂದು ಅವ್ವನಿಗೆ ಹೇಳುವುದನ್ನೇ ಇಬ್ಬರೂ ಮರೆತೆವು. ಅವಳು ಎಂದಿನಂತೆ ಹೇಳುತ್ತಲೇ ಇದ್ದಳು.

ಪಂಕ್ತಿ ಬಂತು. ಅಪ್ಪನ ತುಟಿ ಆಡಿದವು. ಇಕಿ ಇದ್ದಾಳಂತನೇ ಲಗ್ನ ಆಯ್ತು ಅಂತಾರ ಎಂದು ಅವ್ವ ನಾಚಿ ನಕ್ಕಳು. ಆಮೇಲೆ ಅಪ್ಪನ ಮಾತು ಬಂತು.

“ಅಣ್ಣಾ, ಇಕಿ ಜೋಡಿ ಬಾಳೇವು ಅಂದ್ರ ಗೋಡಿ ಮುಂದ ಮಾತಾಡಿದಂಗ. ಸಾಕಾಗ್ಯಾದ ನನಗ.”

ನಾನು ರಿಮೋಟ್ ತಡಕಾಡಿದೆ. ತಂಗಿ ತಲೆ ತಗ್ಗಿಸಿದಳು. ಸತ್ತ ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಧ್ವನಿ ತಂದ ನನ್ನ ಮೇಲೂ ಬಂತು. ಅವ್ವ ನಮ್ಮಿಬ್ಬರ ಮುಖ ನೋಡಿ, ಆವಾಜು ಬಂತೇನು ಎಂದು ಕೇಳಿದಳು. ಇಲ್ಲ ಎಂದೆ. ಮುಖ ಓದಿಯೇ ಬದುಕಿದವಳ ಮುಂದೆ ನನ್ನ ಸುಳ್ಳು ನಿಲ್ಲಲಿಲ್ಲ.

“ಅವತ್ತೇ ಅವರ ತುಟಿ ನೋಡೀನಿ ನಾ. ಎದುರಿಗೇ ನಿಂತಿದ್ನಲ್ಲ ನಾ,” ಎಂದಳು.

ಮತ್ತೆ ಇಷ್ಟು ದಿನ ಯಾಕೆ ಹಾಗೆ ಹೇಳಿದೆ ಎಂದು ತಂಗಿ ಮುಖವೆತ್ತಿ ಕೇಳಿದಳು.

“ಅವರು ಅನಬೇಕಾಗಿದ್ದ ಮಾತದು. ಅವರು ಅನಲಿಲ್ಲ, ನಾ ಅಂದೆ.”

ತಂಗಿ ಎದ್ದು ಟಿವಿ ಬಂದ್ ಮಾಡಿದಳು. ಅವ್ವ ಮತ್ತೆ ಹಚ್ಚಲು ಹೇಳಿದಳು. ಮಗಳನ್ನು ಗಂಡನ ಮನೆಗೆ ಕಳಿಸುವುದು ಇನ್ನೂ ಬಾಕಿ ಇತ್ತು.