ತಲೆಯ ಮೇಲಿನ ಅಡ್ಡಗೈ

ಲಾಳಿಯಕ್ಕನಿಗೆ ಆ ಹೆಸರು ಬಂದದ್ದು ಬಟ್ಟೆಗಿರಣಿಯಲ್ಲಿ. ನೂಲು ಹೊತ್ತು ಅತ್ತಿಂದಿತ್ತ ಹಾರುವ ಲಾಳಿಯ ಹಾಗೆ ಈ ಮಗ್ಗದಿಂದ ಆ ಮಗ್ಗಕ್ಕೆ ಓಡುತ್ತಿದ್ದವಳು. ಗಿರಣಿ ಮುಚ್ಚಿಹೋದರೂ ಹೆಸರು ಅವಳನ್ನು ಬಿಡಲಿಲ್ಲ. ಈಗ ಅದೇ ಗಿರಣಿ ವಸ್ತುಸಂಗ್ರಹಾಲಯವಾಗಿದೆ. ಗಿರಣಿ ಬದುಕಿದ್ದಾಗ ಒಂದು ಕಿಟಕಿ ತೆಗೆಸಿಕೊಡಿ ಎಂದು ಗೋಗರೆದರೆ ಕಿವಿಗೆ ಹಾಕಿಕೊಳ್ಳದವರು, ಸತ್ತ ಮೇಲೆ ಸಾಲುಸಾಲು ಕಿಟಕಿ ಕೊರೆಸಿ ಬಣ್ಣದ ದೀಪ ಹಾಕಿಸಿದ್ದಾರೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರಲ್ಲ, ಹಾಗೆ.

ದೂರದೂರದಿಂದ ಬಸ್ಸು ಮಾಡಿಕೊಂಡು ಬರುವ ಪ್ರವಾಸಿಗರಿಗೆ ಅಲ್ಲಿ ದಿನವೂ ಒಂದು ಪ್ರದರ್ಶನ. ಹಳೆಯ ಕೆಲಸಗಾರ್ತಿಯ ವೇಷ ತೊಟ್ಟು ಅದನ್ನು ನಡೆಸಿಕೊಡುವುದು ಈಗ ಲಾಳಿಯಕ್ಕನ ಕೆಲಸ. ಉಳಿದಿರುವ ಒಂದೇ ಮಗ್ಗ ಓಡುತ್ತದೆ. ಮೇಲಿನಿಂದ ಫ್ಯಾನು ಹತ್ತಿಯ ಎಳೆಗಳನ್ನು ಹೂವಿನ ಹಾಗೆ ಉದುರಿಸುತ್ತದೆ. ಜನ ಅಂಗೈಯೊಡ್ಡಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಧೂಳು ನುಂಗಿಯೇ ಲಾಳಿಯಕ್ಕನ ಎಷ್ಟೋ ಗೆಳತಿಯರು ಕೆಮ್ಮಿ ಕೆಮ್ಮಿ ಮಣ್ಣು ಸೇರಿದ್ದರು. ಪ್ರದರ್ಶನದ ಹೊತ್ತಿನಲ್ಲಿ ಕೆಮ್ಮಕೂಡದು ಎಂಬುದು ಅವಳಿಗೆ ಮೊದಲ ದಿನವೇ ಸಿಕ್ಕ ಅಪ್ಪಣೆ. ಹೋಗಲಿ, ಅದನ್ನೂ ಅವಳು ನುಂಗಿಕೊಂಡಳು. ಅವಳಿಗೆ ಹೇಸಿಗೆ ಹುಟ್ಟಿಸುತ್ತಿದ್ದದ್ದು ಬೇರೆಯೇ ಇತ್ತು.

ಮಗ್ಗಗಳೆಲ್ಲ ಒಟ್ಟಿಗೆ ಓಡುವಾಗ ಪಕ್ಕದಲ್ಲಿದ್ದವರು ಕಿರುಚಿದರೂ ಕೇಳುತ್ತಿರಲಿಲ್ಲ. ಅದಕ್ಕೇ ಹೆಂಗಸರು ಕೈಯಲ್ಲಿ, ತುಟಿಯಲ್ಲಿ ಮಾತಾಡುತ್ತಿದ್ದರು. ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಬಂದ ಎಂದು. ಕಿವಿಯ ಮೇಲೆ ಅಂಗೈಯಿಟ್ಟರೆ ಮಗು ಮಲಗಿಲ್ಲ, ರಾತ್ರಿ ನಿದ್ದೆಯಿಲ್ಲ ಎಂದು. ಅತ್ತೆಯನ್ನು ಬೈಯುವುದಕ್ಕಂತೂ ಬೇಕಾದಷ್ಟು ಸನ್ನೆಗಳಿದ್ದವು. ಎರಡು ಕೈಯನ್ನೂ ಎತ್ತಿ ತಲೆಯ ಮೇಲೆ ಅಡ್ಡ ಹಿಡಿದರೆ ಮಾತ್ರ ಒಂದೇ ಅರ್ಥ: ಯಾರದೋ ಕೈ ಸಿಕ್ಕಿಕೊಂಡಿದೆ, ಮಗ್ಗ ನಿಲ್ಲಿಸಿ.

ಆ ಸನ್ನೆಗೆ ಬಾಲವಾಗಿ ಒಂದು ಕಟ್ಟಳೆ ಬಂದದ್ದು ಲಾಳಿಯಕ್ಕನ ತಂಗಿಯಿಂದ. ತಂಗಿಯ ಬೆರಳು ಹಲ್ಲುಚಕ್ರಕ್ಕೆ ಸಿಕ್ಕ ದಿನ ಅಕ್ಕ ಕೈ ಅಡ್ಡ ಹಿಡಿದಳು, ಮಗ್ಗ ನಿಂತಿತು. ಬೆರಳು ಜಜ್ಜಿತ್ತು, ಅಷ್ಟೆ. ಮೆಲ್ಲಗೆ ಬಿಡಿಸಿದ್ದರೆ ಕೈ ಉಳಿಯುತ್ತಿತ್ತು. ಆದರೆ ಕೆಲಸ ನಿಂತಿತೆಂದು ಸಿಡುಕುತ್ತ ಬಂದ ಮೇಸ್ತ್ರಿ, ಎಲ್ಲ ಮುಗಿದಿರಬೇಕೆಂದುಕೊಂಡು ಮಗ್ಗ ಓಡಿಸಿಬಿಟ್ಟ. ಬಲಗೈ ಮಣಿಕಟ್ಟಿನಿಂದಲೇ ಹೋಯಿತು. ಮರುದಿನ ಹೆಂಗಸರೆಲ್ಲ ಕೆಲಸಕ್ಕೆ ಇಳಿಯದೆ ಹಟ ಹಿಡಿದರು. ಸನ್ನೆ ಕೊಟ್ಟವಳು ತಾನೇ ಎದೆಯ ಮೇಲೆ ಕೈಯಿಟ್ಟು ಒಪ್ಪಿಗೆ ತೋರಿಸುವವರೆಗೆ ನಿಂತ ಮಗ್ಗವನ್ನು ಯಾರೂ ಮುಟ್ಟಬಾರದು ಎಂದರು. ಅಲ್ಲಿಂದ ಮುಂದೆ ಧಣಿಗೂ ಅದನ್ನು ಮೀರುವ ಎದೆಗಾರಿಕೆ ಇರಲಿಲ್ಲ.

ಸಂಗ್ರಹಾಲಯದ ಸಾಹೇಬರು ಲಾಳಿಯಕ್ಕನಿಂದ ಸನ್ನೆಗಳನ್ನೆಲ್ಲ ಮಾಡಿಸಿ ನೋಡಿದರು. ಅಡ್ಡಗೈ ಅವರ ಕಣ್ಣಿಗೆ ಬಿತ್ತು. ಕೊನೆಗೆ ಜನರನ್ನು ಬೀಳ್ಕೊಡಲು ಇದೇ ಸರಿ, ನಗುತ್ತ ಮಾಡಬೇಕು ಎಂದರು. ಅದು ಆಟಕ್ಕಲ್ಲ ಎಂದಳು ಲಾಳಿಯಕ್ಕ, ಅರ್ಥವನ್ನೂ ಬಿಡಿಸಿ ಹೇಳಿದಳು.

"ಬಂದವರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ, ಅಮ್ಮಾ? ನೋಡೋಕೆ ಚೆನ್ನಾಗಿದೆ."

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಮನೆಯಲ್ಲಿ ಎರಡು ಹೊಟ್ಟೆ, ದುಡಿಯುವ ಕೈ ಒಂದೇ ಜೋಡಿ. ಅವಳು ದಿನವೂ ಹಲ್ಲು ಕಿರಿಯುತ್ತ ಕೈ ಅಡ್ಡ ಹಿಡಿದಳು. ದಿನವೂ ಚಪ್ಪಾಳೆ ಬಿತ್ತು. ನಮ್ಮ ಪರಂಪರೆ ಎಷ್ಟು ಲಾಲಿತ್ಯದ್ದು ಎಂದು ಯಾರೋ ಕಣ್ಣೊರೆಸಿಕೊಂಡರೆ ಅವಳಿಗೆ ಹೇಸಿಗೆಯಾಗುತ್ತಿತ್ತು. ಅವರ ಮೇಲಷ್ಟೇ ಅಲ್ಲ, ತನ್ನ ಮೇಲೂ. ಮನೆಗೆ ಹೋಗಿ ಸೋಪು ಹಚ್ಚಿ ಹಚ್ಚಿ ಕೈ ತೊಳೆಯುತ್ತಿದ್ದಳು. ಅಲ್ಲೇನು ಕೆಲಸ ಎಂದು ತಂಗಿ ಕೇಳಿದರೆ, ನೂಲು ಕಟ್ಟಿ ತೋರಿಸ್ತೀನಿ ಎನ್ನುತ್ತಿದ್ದಳು. ಕೈ ಹೋದ ಮೇಲೆ ತಂಗಿ ಗಿರಣಿಯ ಬೀದಿಗೇ ಕಾಲಿಡದವಳು, ಗೊತ್ತಾಗುವ ಹಾಗಿರಲಿಲ್ಲ.

ಹಳೆಯ ಕೆಲಸಗಾರರಿಗೆ ಟಿಕೆಟ್ಟು ಬೇಕಿಲ್ಲ ಎಂದು ಸಾಹೇಬರು ಸಾರಿದ ದಿನ ಪಕ್ಕದ ಮನೆಯಾಕೆ ಬಿಡದೆ ತಂಗಿಯನ್ನು ಹೊರಡಿಸಿಕೊಂಡು ಬಂದಳು. ಲಾಳಿಯಕ್ಕನಿಗೆ ಸುಳಿವೇ ಇಲ್ಲ. ಎಂದಿನ ಹಾಗೆ ಮಗ್ಗ ಓಡಿತು, ಹತ್ತಿ ಉದುರಿತು. ಕೊನೆಗೆ ಅವಳು ನಗುತ್ತ ಎರಡೂ ಕೈ ಎತ್ತಿ ತಲೆಯ ಮೇಲೆ ಅಡ್ಡ ಹಿಡಿದಳು.

ಗುಂಪಿನ ಹಿಂದಿನಿಂದ ಒಬ್ಬಳು ಜನರನ್ನು ನೂಕಿಕೊಂಡು, ಅಡ್ಡ ಕಟ್ಟಿದ್ದ ಹಗ್ಗ ದಾಟಿ, ಚಪ್ಪಲಿ ಎಲ್ಲೋ ಕಳಚಿಹೋಗಿ ಓಡಿಬಂದಳು. ಎಡಗೈಯಲ್ಲಿ ಹಿಡಿಕೆಯನ್ನು ಜಗ್ಗಿದಳು. ಮಗ್ಗ ಗಕ್ಕನೆ ನಿಂತಿತು. ತಂಗಿ ಏದುಸಿರು ಬಿಡುತ್ತ ಚಕ್ರದ ಸಂದಿಯಲ್ಲಿ ಬಗ್ಗಿ ಹುಡುಕಿದಳು, ಆಮೇಲೆ ಅಕ್ಕನ ಕಡೆ ತಿರುಗಿದಳು. ಅಕ್ಕನ ಮುಖದ ಮೇಲೆ ಆ ಕಿರಿದ ಹಲ್ಲು ಇನ್ನೂ ಹಾಗೇ ಇತ್ತು.

"ಯಾರ ಕೈ ಅಕ್ಕಾ?"

"ಯಾರದೂ ಅಲ್ಲ."

"ಮತ್ತೆ ಯಾಕೆ ಹಿಡಿದೆ?"

ಅಷ್ಟರಲ್ಲಿ ಚಪ್ಪಾಳೆ ಸುರಿಯಿತು. ಇಂಥ ಚಪ್ಪಾಳೆ ಆ ಗೋಡೆಗಳು ಕೇಳಿರಲಿಲ್ಲ. ಒಬ್ಬ ಮುಂದೆ ಬಂದು ತಂಗಿಯ ಮೊಂಡುಗೈಯ ಫೋಟೋ ತೆಗೆದ. ಸಾಹೇಬರು ಕೈ ಉಜ್ಜಿಕೊಳ್ಳುತ್ತ ಬಂದು ಲಾಳಿಯಕ್ಕನ ಕಿವಿಯ ಹತ್ತಿರ ಬಗ್ಗಿದರು.

"ಅದ್ಭುತವಾಗಿ ಬಂತು. ಇವರು ದಿನಾ ಬರ್ತಾರಾ, ಕೇಳಿ."

ಲಾಳಿಯಕ್ಕ ವೇಷದ ಸೆರಗಿನ ಪಿನ್ನು ಕಿತ್ತು ಸಾಹೇಬರ ಅಂಗೈಗೆ ಹಾಕಿದಳು. ಗಂಟಲಿನಲ್ಲಿ ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಕೆಮ್ಮನ್ನು ಅವರ ಎದುರಿಗೇ ಮನಸಾರೆ ಕೆಮ್ಮಿದಳು. ತಂಗಿಯ ಚಪ್ಪಲಿ ಹುಡುಕಿ ತಂದು ಕಾಲ ಬಳಿ ಇಟ್ಟು, ನಡಿ ಹೋಗೋಣ ಎಂದಳು. ನಾಳೆ ಒಲೆಗೇನು ಎಂಬ ಯೋಚನೆ ಬಂತು, ಬರಲಿ ಎಂದುಕೊಂಡಳು.

ಅಂಗಳ ದಾಟಿ ಗೇಟಿನ ಹತ್ತಿರ ಬಂದಿದ್ದರು, ಅಷ್ಟೆ. ಒಳಗೆ ಮುಂದಿನ ಬಸ್ಸಿನವರಿಗಾಗಿ ಯಾರೋ ಹಿಡಿಕೆ ಒತ್ತಿದರು. ಮಗ್ಗ ಮತ್ತೆ ಓಡತೊಡಗಿತು.

ತಂಗಿ ನಿಂತುಬಿಟ್ಟಳು. ಮೊಂಡುಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಅಕ್ಕನ ಎದೆಯನ್ನೇ ನೋಡಿದಳು. ಅಕ್ಕನ ಕೈಗಳು ಪಕ್ಕದಲ್ಲಿ ಇಳಿಬಿದ್ದಿದ್ದವು.

"ನೀನು ಇನ್ನೂ ಒಪ್ಪಿಗೆ ಕೊಟ್ಟೇ ಇಲ್ಲವಲ್ಲ ಅಕ್ಕಾ," ಎಂದಳು.