ಅರ್ಧ ಬೆರಳಿನ ಗ್ಲೌಸ್

ಅವರ ಬಲಗೈಯ ತೋರುಬೆರಳು ನಡುಗೆಣ್ಣಿಗೇ ಮುಗಿದುಹೋಗಿತ್ತು. ಏನನ್ನಾದರೂ ತೋರಿಸುವಾಗ ಆ ಮೋಟು ಬೆರಳನ್ನೇ ಮುಂದೆ ಮಾಡುವರು. ಮಿಷಿಗನ್ನಿನ ಚಳಿ ಮೊದಲು ಹತ್ತುತ್ತಿದ್ದುದು ಆ ತುದಿಗೇ. ಅದಕ್ಕಾಗಿ ಚಳಿಗಾಲಕ್ಕೆ ಮುಂಚೆ ಹೊಸ ಉಣ್ಣೆಯ ಗ್ಲೌಸ್ ತಂದು ನನ್ನ ಮುಂದಿಡುವರು. ನಾನು ಆ ಒಂದು ಬೆರಳನ್ನು ಅರ್ಧಕ್ಕೆ ಒಳಮಡಿಸಿ ಹೊಲಿದುಕೊಡುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್ಸ್ ಬೆತ್ತ ಹಿಡಿದು ಕಲಿಸಿದ ನೀಡಲ್‌ವರ್ಕ್ ನನ್ನ ಬದುಕಿನಲ್ಲಿ ಉಪಯೋಗಕ್ಕೆ ಬಂದದ್ದು ಅಷ್ಟಕ್ಕೇ.

ಡೆಟ್ರಾಯಿಟ್ ಬಳಿಯ ವಿಕ್ಸಮ್‌ನಲ್ಲಿ ನಮ್ಮ ಪಕ್ಕದ ಮನೆ ಅವರದು. ಹುಬ್ಬಳ್ಳಿಯವರು. ನಾವೆಲ್ಲ ಅವರನ್ನು ಸಾಹೇಬರು ಎಂದೇ ಕರೆಯುತ್ತಿದ್ದೆವು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಪ್ರೆಸ್ ಮಶೀನಿನ ಮುಂದೆ ನಿಂತೇ ಆಯುಷ್ಯ ಕಳೆದಿದ್ದರು. ಬೆರಳು ಹೋದದ್ದೂ ಅಲ್ಲೇ. “ಬೆರಳ ಮಶೀನ್ ತಿಂತ್ರಿ ಅಕ್ಕಾರ, ನೌಕರಿ ಯೂನಿಯನ್ ಉಳಿಸ್ತು,” ಎನ್ನುವರು. ರಿಟೈರ್ ಆಗಿ ಎಷ್ಟೋ ವರ್ಷವಾಗಿದ್ದರೂ ಯೂನಿಯನ್ನಿನ ನೀಲಿ ಜಾಕೆಟ್ ಬಿಟ್ಟಿರಲಿಲ್ಲ. ಯಾವ ಅಂಗಡಿಯ ಮುಂದಾದರೂ ಕೆಲಸಗಾರರು ಮುಷ್ಕರದ ಬೋರ್ಡ್ ಹಿಡಿದು ನಿಂತಿದ್ದರೆ ಅಲ್ಲಿಂದ ಒಂದು ಪೊಟ್ಟಣ ಉಪ್ಪನ್ನೂ ತರುತ್ತಿರಲಿಲ್ಲ; ಇನ್ನೊಂದು ಅಂಗಡಿಗೆ ಐದು ಮೈಲಿ ಡ್ರೈವ್ ಮಾಡಿಕೊಂಡು ಹೋಗುವರು.

ಇಂಥವರಿಗೆ ಒಬ್ಬಳೇ ಮಗಳು. ಲಾಸ್ ಏಂಜಲೀಸ್‌ನಲ್ಲಿ ಟೀವಿ ಸೀರಿಯಲ್‌ಗಳಿಗೆ ಕಥೆ, ಸಂಭಾಷಣೆ ಬರೆಯುತ್ತಿದ್ದಳು. ನಾನು ಪ್ರತಿ ವಾರ ತಪ್ಪದೆ ನೋಡಿ ಅವಳ ಹೆಸರು ಬಂದಾಗ ಚಪ್ಪಾಳೆ ತಟ್ಟುತ್ತಿದ್ದೆ. ಸಾಹೇಬರು ಮಾತ್ರ ಒಮ್ಮೆಯೂ ನೋಡಿದವರಲ್ಲ. ಮಸೀದಿಯಲ್ಲಿ ಯಾರಾದರೂ ಮಗಳ ಬಗ್ಗೆ ಕೇಳಿದರೆ, “ಟೈಪಿಂಗ್ ಮಾಡ್ತಾಳ,” ಎಂದು ಮುಗಿಸಿಬಿಡುವರು.

ನಾನು ಒಮ್ಮೆ ಜಗಳವನ್ನೇ ಆಡಿದೆ. “ಅಷ್ಟು ಟ್ಯಾಲೆಂಟ್ ಇರೋ ಹುಡುಗಿ ಸಾಹೇಬ್ರೆ, ಶೇಮ್ ಆನ್ ಯು!”

“ಕುರ್ಚ್ಯಾಗ ಕುಂತು ಸುಳ್ಳ ಬರ್ಯೂದು ಅದ್ಯಾವ ಕೆಲಸ್ರಿ? ಕೈಗೆ ಎಣ್ಣಿ ಹತ್ತಂಗಿಲ್ಲ, ಸೊಂಟ ನೋಯಂಗಿಲ್ಲ.”

ಇದನ್ನು ಮಗಳು ಬಲ್ಲಳು. ಊರಿಗೆ ಬಂದಾಗ ನನ್ನ ಅಡುಗೆಮನೆಯಲ್ಲಿ ಕೂತು ಒಮ್ಮೆ ಹೇಳಿದ್ದಳು: “ಆಂಟಿ, ಐ ಡೋಂಟ್ ನೀಡ್ ಹಿಮ್ ಟು ವಾಚ್. ಐ ವಾಂಟ್ ಹಿಮ್ ಟು ಕಾಲ್ ಇಟ್ ವರ್ಕ್.”

ಎರಡು ಸಾವಿರದ ಏಳರ ನವೆಂಬರ್‌ನಲ್ಲಿ ಅಮೆರಿಕದ ಟೀವಿ, ಸಿನಿಮಾ ಬರಹಗಾರರೆಲ್ಲ ಮುಷ್ಕರ ಹೂಡಿದರು. ತಾವು ಬರೆದದ್ದನ್ನು ಕಂಪನಿಗಳು ಇಂಟರ್ನೆಟ್ಟಿನಲ್ಲಿ ತೋರಿಸುವಾಗ ತಮಗೂ ಪಾಲು ಬರಬೇಕು ಎನ್ನುವುದು ಅವರ ಬೇಡಿಕೆ. ಸುದ್ದಿ ಹೇಳಿದವಳು ನಾನೇ. ಸಾಹೇಬರು ಚಹಾದ ಕಪ್ ಕೆಳಗಿಟ್ಟರು.

“ಬರಿಯಾವ್ರಿಗೂ ಯೂನಿಯನ್ ಐತೇನ್ರಿ?”

“ಐತೆ. ನಿಮ್ಮ ಮಗಳು ಬೆಳಿಗ್ಗೆಯಿಂದ ಬೋರ್ಡ್ ಹಿಡ್ಕೊಂಡು ಸ್ಟುಡಿಯೋ ಗೇಟಿನ ಮುಂದೆ ನಿಂತಿದಾಳೆ.”

ಎದ್ದು ಹೋದರು. ಮರುದಿನವೇ ಪೋಸ್ಟ್ ಆಫೀಸಿಗೆ ಹೋಗಿ ಒಂದು ಡಬ್ಬಿ ಕಳಿಸಿ ಬಂದರು. ಡೆಟ್ರಾಯಿಟ್ ಕಡೆಯ ಮುಷ್ಕರಗಳಲ್ಲಿ ಹಿಮದ ಮಧ್ಯೆ ನಿಂತು ಅಭ್ಯಾಸವಾದ ಜೀವ. ಉಣ್ಣೆಯ ಕಾಲುಚೀಲ, ಮಂಕಿ ಕ್ಯಾಪ್, ಜೊತೆಗೆ ಆ ವರ್ಷ ನಾನು ಹೊಲಿದುಕೊಟ್ಟಿದ್ದ ಗ್ಲೌಸ್, ಎಲ್ಲ ಅದರಲ್ಲಿ. ಮಗಳ ಫೋನ್ ಬಂತು: “ಅಬ್ಬಾ, ಇಟ್ಸ್ ಸೆವೆಂಟಿ-ಫೈವ್ ಡಿಗ್ರೀಸ್ ಹಿಯರ್!” ಫ್ಯಾರನ್‌ಹೀಟಿನಲ್ಲಿ ಎಪ್ಪತ್ತೈದು ಎಂದರೆ ಹಿತವಾದ ಬಿಸಿಲು; ನಾನು ನಕ್ಕು ನಕ್ಕು ಸುಸ್ತಾದೆ. ಆದರೆ ಆ ವಾರ ಅವಳು ನನಗೆ ಇಮೇಲ್ ಮಾಡಿದ ಫೋಟೋದಲ್ಲಿ, ಬಿಸಿಲಲ್ಲಿ, ಅರ್ಧ ತೋಳಿನ ಅಂಗಿ ತೊಟ್ಟು, ಬೋರ್ಡ್ ಹಿಡಿದ ಕೈಗೆ ಆ ದೊಡ್ಡ ಗ್ಲೌಸ್ ಹಾಕಿಕೊಂಡಿದ್ದಳು. ತೋರುಬೆರಳನ್ನು ಒಳಗೆ ಮಡಿಸಿಕೊಂಡಿದ್ದಳು.

ಸಂಬಳವಿಲ್ಲದೆ ಎರಡು ತಿಂಗಳು ಕಳೆದರೂ ಮುಷ್ಕರ ಮುಗಿಯದೆ, ಜನವರಿಯಲ್ಲಿ ಅವಳ ಧೈರ್ಯ ಕುಸಿಯಿತು. ಅವಳ ಫೋನ್ ಬಂದಾಗ ನಾನು ಸಾಹೇಬರ ಮನೆಯಲ್ಲೇ ಇದ್ದೆ. ಸಾಹೇಬರು ಫೋನನ್ನು ಯಾವಾಗಲೂ ಸ್ಪೀಕರ್‌ನಲ್ಲೇ ಇಡುವರು. ಪರಿಚಯದ ನಿರ್ಮಾಪಕನೊಬ್ಬ ಅವಳನ್ನು ಕರೆದಿದ್ದನಂತೆ. ಮನೆಯಲ್ಲೇ ಕೂತು ಗುಟ್ಟಾಗಿ ಬರೆದುಕೊಡು, ಹೆಸರು ಹಾಕುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂದಿದ್ದನಂತೆ. “ನೋಬಡಿ ವಿಲ್ ನೋ, ಅಬ್ಬಾ. ಐ ಆಮ್ ಸೋ ಟೈರ್ಡ್.”

ಸಾಹೇಬರು ಮೋಟು ಬೆರಳನ್ನು ಮೇಜಿಗೆ ಮೆಲ್ಲಗೆ ಕುಟ್ಟಿದರು. ಆಮೇಲೆ ಹೇಳಿದರು: “ಬೇಟಾ, ನೀ ಮಾಡೂದು ಬರೇ ಟೈಪಿಂಗ್ ಆಗಿದ್ರ, ಹೋಗು. ಆದ್ರ ಅದು ಟೈಪಿಂಗ್ ಅಲ್ಲ. ಅದು ಕೆಲಸ. ಸ್ಟ್ರೈಕ್ ನಡದಾಗ ಕೆಲಸದಾಕಿ ಗೇಟ್ ದಾಟಂಗಿಲ್ಲ.”

ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಅಂದು ಕನ್ನಡದಲ್ಲಿ, “ನಿಲ್ತೀನಿ, ಅಬ್ಬಾ,” ಎಂದಳು.

ಫೆಬ್ರವರಿಯಲ್ಲಿ ಒಪ್ಪಂದವಾಯಿತು. ಅವಳು ಕಳಿಸಿದ ಕಾಗದಗಳನ್ನು ಪ್ರಿಂಟ್ ಮಾಡಿಕೊಂಡು ಹೋದೆ. ಸಾಹೇಬರ ಕಣ್ಣಿಗೆ ಪೊರೆ ಬಂದಿತ್ತು. ಓದಿ ಅರ್ಥ ಹೇಳುವುದು ನನ್ನ ಪಾಲಿಗೆ ಬಂತು. ಪ್ರತಿ ಸಾಲಿಗೂ ತಡೆದು, “ಅಲ್ಲಿ ‘ಶಲ್’ ಐತೋ ‘ಮೇ’ ಐತೋ ನೋಡ್ರಿ ಅಕ್ಕಾರ. ‘ಶಲ್’ ಇದ್ರ ಕೊಡಲೇಬೇಕು, ‘ಮೇ’ ಇದ್ದಲ್ಲಿ ಏನೂ ಸಿಗಂಗಿಲ್ಲ,” ಎನ್ನುವರು. ನನ್ನ ಗ್ರಾಮರ್ ಸಿಸ್ಟರ್ ಕೂಡ ಅಷ್ಟು ಸ್ಟ್ರಿಕ್ಟ್ ಇರಲಿಲ್ಲ!

ಡೀವೀಡಿ ಮಾರಾಟದಲ್ಲೂ ಬರಹಗಾರರು ಹೆಚ್ಚಿನ ಪಾಲು ಕೇಳಿದ್ದರು; ಅದು ಸಿಕ್ಕಿರಲಿಲ್ಲ. ಓದುವಾಗ ನನಗೇ ಪಿಚ್ಚೆನಿಸಿತು. ಆದರೆ ಇಂಟರ್ನೆಟ್ಟಿಗೆಂದೇ ಬರೆಯುವ ಕೆಲಸವೂ ಇನ್ನು ಯೂನಿಯನ್ನಿನ ಒಪ್ಪಂದದೊಳಗೆ ಬಂದಿತ್ತು; ಬರೆದದ್ದನ್ನು ಅಲ್ಲಿ ಮತ್ತೆ ತೋರಿಸಿದರೆ ಬರೆದವರಿಗೆ ಪಾಲಿತ್ತು. ಅದನ್ನು ಎರಡು ಸಲ ಓದಿಸಿದರು.

“ಇಂಟರ್ನೆಟ್‌ನ್ಯಾಗ ಟೀವಿ ಯಾರ್ ನೋಡ್ತಾರ್ರಿ?”

“ಈಗ ಕಡಿಮೆ. ಮುಂದೆ ಎಲ್ಲರೂ ಅಲ್ಲೇ ನೋಡ್ತಾರಂತೆ.”

“ಅಂದ್ರ ಇನ್ನೂ ನೌಕರಿಗೆ ಬರದಾವ್ರ ಸಲುವಾಗಿ ನಿಂತಾಳ ನನ್ನ ಮಗಳು,” ಎಂದರು. “ಡೀವೀಡಿ ಹೋಗ್ಲಿ ಬಿಡ್ರಿ. ಒಪ್ಪಂದ ಅಂದ್ರ ಹಿಂಗಿರಬೇಕು.”

ಆ ಶುಕ್ರವಾರ ಮಸೀದಿಯಲ್ಲಿ, ಕೇಳಿದವರಿಗೂ ಕೇಳದವರಿಗೂ, “ನನ್ನ ಮಗಳು ರೈಟರ್ ಅದಾಳ್ರಿ. ಯೂನಿಯನ್ ರೈಟರ್,” ಎಂದು ಹೇಳಿಕೊಂಡು ಓಡಾಡಿದರಂತೆ. ಆಮೇಲಿನ ವಾರಗಳಲ್ಲಿ ನಮ್ಮ ಮನೆಗೆ ಬಂದು ನನ್ನ ಪಕ್ಕದಲ್ಲೇ ಕೂತು ಸೀರಿಯಲ್ ನೋಡಿದರು. ಕೊನೆಯಲ್ಲಿ ಹೆಸರುಗಳು ಬರುವಾಗ ನಾನು ಕುಕ್ಕರ್ ಆರಿಸಲು ಏಳಹೋದರೆ, “ಕುಂದರ್ರಿ ಅಕ್ಕಾರ, ಇವರೆಲ್ಲ ಕೆಲಸ ಮಾಡ್ಯಾರ,” ಎಂದು ಗದರುವರು. ಇವತ್ತಿಗೂ ಕೊನೆಯ ಹೆಸರು ಹೋಗುವವರೆಗೆ ನಾನು ಏಳುವುದಿಲ್ಲ. ಒಂದೆರಡು ಸಲ ಬೇಳೆ ಸೀದದ್ದೂ ಉಂಟು.

ಮರುವರ್ಷದ ಚಳಿಗಾಲದಲ್ಲಿ ಅವರು ಹೋದರು. ದಫನ್ ಆದ ದಿನ ಫ್ಯಾರನ್‌ಹೀಟಿನಲ್ಲಿ ಹತ್ತು ಡಿಗ್ರಿಯೂ ಇರಲಿಲ್ಲ, ನೀರು ಹೆಪ್ಪುಗಟ್ಟುವ ಚಳಿ. ಮಗಳು ಹಿಮದಲ್ಲಿ ನಿಂತಿದ್ದಳು, ಕೈಗೆ ಅದೇ ಗ್ಲೌಸ್, ತೋರುಬೆರಳು ಮಡಿಸಿಕೊಂಡು. ಮನೆಗೆ ಬಂದಮೇಲೆ ಅವಳ ಕೈ ಹಿಡಿದು, “ಕೊಡು ಮಗೂ, ಆ ಹೊಲಿಗೆ ಬಿಚ್ಚಿ ಸರಿ ಮಾಡ್ಕೊಡ್ತೀನಿ,” ಎಂದೆ.

ಅವಳು ಕೈ ಹಿಂದಕ್ಕೆಳೆದುಕೊಂಡಳು.

“ಬೇಡ ಆಂಟಿ,” ಎಂದಳು. “ಇಟ್ ಫಿಟ್ಸ್.”