ರಾಜನಿಗೆ ಒಂದು ಕುದುರೆ ನೆಗೆತ

ನಾನು ಚದುರಂಗ ಕಲಿತದ್ದು ದೊಡ್ಡಯ್ಯ ಎಂಬವರು ಬರೆದ ಪುಸ್ತಕದಿಂದ. ಶಾಲೆ ಬಿಟ್ಟ ವರ್ಷ ಅದು ವಿಶಾಖಪಟ್ಟಣದ ಹತ್ತಿರದ ಪೆಂಡುರ್ತಿಯ ಹಳೇ ಪೇಪರ್ ಅಂಗಡಿಯಲ್ಲಿ ಸಿಕ್ಕಿತ್ತು. ಬರೆದವರ ಬಗ್ಗೆ ಅದರಲ್ಲಿದ್ದದ್ದು ಹೆಸರು ಮತ್ತು ವಿಜಯವಾಡದ ಗವರ್ನರ್‌ಪೇಟೆಯ ವಿಳಾಸ ಮಾತ್ರ. 1991ರಲ್ಲಿ ಅಪ್ಪನ ಜೊತೆ ಆ ಊರಿಗೆ ಹೋದಾಗ ಮನೆ ಹುಡುಕಿದೆ.

ಬಾಗಿಲು ತೆರೆದವರು ಅವರ ಮಗಳು ಮಂಗಳಾಗೌರಿ. ದೊಡ್ಡಯ್ಯ ತೀರಿಕೊಂಡು ಆರು ವರ್ಷವಾಗಿತ್ತು. ಅವರು ಹಾಸನದ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಗುಮಾಸ್ತರು. ಊರ ಜಗಲಿಯ ಆಟ ಮರೆತುಹೋಗಬಾರದೆಂದು ಇನ್ನೂರು ಪ್ರತಿ ಅಚ್ಚು ಹಾಕಿಸಿದ್ದರಂತೆ.

ನನ್ನ ಕೈಯಲ್ಲಿದ್ದ ಪುಸ್ತಕ ಕಂಡು ಆಕೆಯ ಮುಖ ಬಿಳಿಚಿತು. “ಇದು ಇನ್ನೂ ಇದೆಯಾ ಬಾಬು? ಎಲ್ಲಾ ಸುಟ್ಟಿದ್ವಲ್ಲ.”

ಯಾಕೆ ಸುಟ್ಟಿರಿ ಎಂದು ಕೇಳಿದೆ. ಆಕೆ ಹೇಳಿದರು.

ಆಕೆಯ ಅಣ್ಣ ಹದಿನಾಲ್ಕನೇ ವಯಸ್ಸಿನಲ್ಲಿ ವಿಶಾಖಪಟ್ಟಣದ ಪಂದ್ಯಕ್ಕೆ ಹೋಗಿದ್ದ. ಪುಸ್ತಕದಲ್ಲಿ ಇದ್ದಂತೆ, ರಾಜನನ್ನು ಒಮ್ಮೆ ಕುದುರೆಯ ಹಾಗೆ ನೆಗೆಸಿದ. ಅಲ್ಲಿದ್ದವರೆಲ್ಲ ನಕ್ಕರು. ಅದು ಪಂದ್ಯದಲ್ಲಿ ತಪ್ಪೆಂದು ಆ ಕ್ಷಣದವರೆಗೆ ನನಗೂ ಗೊತ್ತಿರಲಿಲ್ಲ.

“ಅಪ್ಪ ಸಾಯೋವರೆಗೂ ಅಣ್ಣ ಅವರ ಹತ್ರ ಮಾತಾಡ್ಲಿಲ್ಲ. ಅಪ್ಪ ತಗೊಂಡವರಿಗೆಲ್ಲ ಕಾಗದ ಬರೆದು ಪುಸ್ತಕ ವಾಪಸ್ ತರಿಸ್ಕೊಂಡು ನೀರೊಲೆಗೆ ಹಾಕಿದ್ರು. ಇದನ್ನೂ ಕೊಟ್ಬಿಡು ಬಾಬು. ಇನ್ನೊಂದು ಮಗು ನಗೆಪಾಟಲಾಗೋದು ಬೇಡ.”

ನಾನು ಕೊಡಲಿಲ್ಲ. ಪೆನ್ನು ಕೇಳಿ ಪಡೆದು, ಆ ನಿಯಮದ ಕೆಳಗೆ ‘ಇದು ಮನೆಯ ಆಟ, ಪಂದ್ಯದಲ್ಲಿ ನಡೆಯುವುದಿಲ್ಲ’ ಎಂದು ದುಂಡಗೆ ಬರೆದು ತೋರಿಸಿದೆ.

ಆಕೆ ಎರಡು ಸಲ ಓದಿದರು. “ಅಪ್ಪಂಗೆ ಈ ಒಂದು ಸಾಲು ಹೊಳೀಲೇ ಇಲ್ಲ ನೋಡು,” ಎಂದು ಪುಸ್ತಕವನ್ನು ನನ್ನ ಕೈಗೇ ಕೊಟ್ಟರು.